ಹಡಗಿನ ಅಜ್ಜಾರ ಸನ್ಮಾನ

ಪುಸ್ತಕಗಳ ಹಿಂದಿನ ರಕ್ಷಾಪುಟದಲ್ಲಿ ಬರುವ ಲೇಖಕರ ಫೋಟೋ ನೋಡುವುದು ನನ್ನ ಹಳೆಯ ಚಟ. ಪುಸ್ತಕ ಓದುತ್ತೇನೋ ಇಲ್ಲವೋ, ಮೊದಲು ತಿರುಗಿಸಿ ಮುಖ ನೋಡಲೇಬೇಕು. ಕವಿಗಳು ಸಾಮಾನ್ಯವಾಗಿ ಗದ್ದಕ್ಕೆ ಕೈ ಕೊಟ್ಟಿರುತ್ತಾರೆ. ಕಾದಂಬರಿಕಾರರು ಫೋಟೋ ತೆಗೆಯುವವನನ್ನು ಬಿಟ್ಟು ಕಿಟಕಿಯಾಚೆ ಏನನ್ನೋ ನೋಡುತ್ತಿರುತ್ತಾರೆ. ನೌಕಾಪಡೆಯ ಇತಿಹಾಸ ಬರೆಯುವವರಾದರೆ ಹಡಗಿನ ಕಟಾಂಜನ ಹಿಡಿದು, ಗಾಳಿಗೆ ಕೂದಲು ಬಿಟ್ಟು, ಕಣ್ಣು ಕಿರಿದು ಮಾಡಿ ನಿಂತಿರುತ್ತಾರೆ. ಕಳೆದ ವಾರ ಟೆಕ್ಸಾಸಿನ ಊರು ಅಲೆನ್‌ನ ನಮ್ಮ ಮನೆಗೆ ಆಸ್ಟ್ರೇಲಿಯಾದಿಂದ ಬಂದ ಒಂದು ನೌಕಾ ಇತಿಹಾಸದ ಪುಸ್ತಕವನ್ನು ಹೀಗೇ ತಿರುಗಿಸಿ ನೋಡಿದರೆ, ಲೇಖಕರು ಮೈಸೂರು ಪೇಟ ಇಟ್ಟುಕೊಂಡು ಕೂತಿದ್ದಾರೆ!

ಜರಿಯ ಪೇಟ, ಹೆಗಲಿಗೆ ಶಾಲು, ಕೊರಳಲ್ಲಿ ಹಾವೇರಿಯ ಏಲಕ್ಕಿ ಹಾರ. ಮೂಲೆಯಲ್ಲಿ ಹಣ್ಣಿನ ಬುಟ್ಟಿಯಿಂದ ಇಣುಕುವ ಬಾಳೆಹಣ್ಣು. ಅದರ ಪಕ್ಕ ಯಾರದೋ ಮೊಣಕೈ. ಆ ಮೊಣಕೈ ನನ್ನದು. ಆಸ್ಟ್ರೇಲಿಯಾದ ನೌಕಾ ಇತಿಹಾಸದಲ್ಲಿ ಗದಗಿನವನೊಬ್ಬನ ಮೊಣಕೈ ಅಚ್ಚಾದದ್ದು ಇದೇ ಮೊದಲಿರಬೇಕು. ಹೆಂಡತಿ ಸುನಂದಾಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದಳು.

“ಥೇಟ್ ನಿಮ್ಮ ದೊಡ್ಡ ಸೋದರಮಾವ ಕಂಡಂಗ ಕಾಣ್ತಾರ ನೋಡ್ರಿ. ಮೀಸಿ ಒಂದು ಕಡಿಮಿ.”

ನಮ್ಮ ಮನೆಯಲ್ಲಿ ಇವರ ಹೆಸರು ಹಡಗಿನ ಅಜ್ಜಾರು. ನಿಜವಾದ ಹೆಸರು ಇಲ್ಲಿ ಬೇಡ. ಅವರು ಬೇಜಾರು ಮಾಡಿಕೊಳ್ಳುವವರಲ್ಲ, ಆದರೆ ಮುಂದೆ ಹೇಳುವುದರಲ್ಲಿ ಅರ್ಧ ನಗು ಅವರ ಖರ್ಚಿನಲ್ಲೇ ಇದೆ. ಉಳಿದರ್ಧ ನನ್ನದು.

ಅಜ್ಜಾರ ಮೊದಲ ಪುಸ್ತಕ ನನ್ನ ಕೈಗೆ ಸಿಕ್ಕಿದ್ದು ಅಡುಗೆ ಪುಸ್ತಕ ಅಂತ. ಸುನಂದಾಗೆ ಅಲೆನ್ ಪಕ್ಕದ ಪ್ಲೇನೋದಲ್ಲಿ ಕೆಲಸ ಸಿಕ್ಕಾಗ ಅವಳ ಬೆನ್ನಿಗೆ ನಾನು ಬಂದೆ. ಅವಳಿಗೆ ಕೆಲಸ ಮಾಡುವ ವೀಸಾ, ನನಗೆ ಅವಳ ಗಂಡನಾಗಿರುವ ವೀಸಾ. ಬೆಳಿಗ್ಗೆ ಅವಳನ್ನು ಆಫೀಸಿಗೆ ಬಿಟ್ಟು, ಲೈಬ್ರರಿಯಲ್ಲಿ ಕೂತು, ಸಂಜೆಗೆ ಅಡುಗೆ ಮಾಡಿಡುವುದು ನನ್ನ ಪಾಲಿನ ಅಮೆರಿಕ. ಅನ್ನ, ಸಾರು, ಮತ್ತೆ ಅನ್ನ. ಎರಡು ವಾರ ಸಹಿಸಿದ ಮೇಲೆ ಅವಳು, “ಏನರ ಹೊಸಾದು ಕಲೀರಿ, ಲೈಬ್ರರ್‍ಯಾಗ ಅಡುಗಿ ಪುಸ್ತಕಾ ಇಲ್ಲೇನು?” ಅಂದಳು. ಹುಡುಕಿದೆ. ಮುಖಪುಟದ ಮೇಲೆ ದುಂಡನೆಯ, ತೂತುತೂತಿನ, ಚಂದದ ಬಿಸ್ಕತ್ತಿನ ಚಿತ್ರವಿದ್ದ ಪುಸ್ತಕ ಕಂಡಿತು. ಮನೆಗೆ ತಂದು ಅಡುಗೆಕಟ್ಟೆಯ ಮೇಲೆ ತೆರೆದಿಟ್ಟೆ. ಹಿಟ್ಟು, ನೀರು ಎರಡೇ ಸಾಮಾನು. ಕಲ್ಲಿನಂತಾಗುವವರೆಗೆ ಬೇಯಿಸಿ, ಆಮೇಲೆ ಹಡಗಿಗೆ ಹತ್ತಿಸಿ ವರ್ಷಗಟ್ಟಲೆ ಇಡಬೇಕಂತೆ. ಸುನಂದಾ ಬಂದಾಗ ಅನ್ನ ಸೀದಿತ್ತು, ನಾನು ಮೂರನೆಯ ಅಧ್ಯಾಯದಲ್ಲಿದ್ದೆ.

ಅಲ್ಲಿಂದ ಹಿಡಿದದ್ದು ಬಿಡಲಿಲ್ಲ. ಬಿಸ್ಕತ್ತಿನ ಪುಸ್ತಕದ ನಂತರ ನೀರಿನ ಪುಸ್ತಕ. ನೀರಿನ ನಂತರ ಹಗ್ಗ. ಹಗ್ಗದ ನಂತರ ನಾವಿಕರು ಬಟ್ಟೆ ಒಗೆಯುತ್ತಿದ್ದ ಬಗೆಯ ಮೇಲೆ ಒಂದು, ತಲೆದಿಂಬಿನಷ್ಟು ದಪ್ಪದ್ದು. ಬೇರೆ ನೌಕಾ ಇತಿಹಾಸಕಾರರು ಫಿರಂಗಿ ಹಾರಿಸಿ ಹಡಗು ಮುಳುಗಿಸುತ್ತಿದ್ದರೆ ನಮ್ಮ ಅಜ್ಜಾರು ಅದೇ ಹಡಗಿನ ಉಗ್ರಾಣದಲ್ಲಿ ಕೂತು ಉಪ್ಪು ಹಾಕಿದ ಮಾಂಸದ ಪೀಪಾಯಿ ಮೂಸುತ್ತಿರುತ್ತಾರೆ. ಅವರ ಒಂದು ಪುಸ್ತಕದಲ್ಲಿ ದೊಡ್ಡ ಯುದ್ಧವೊಂದು ಬಂದೇಬಿಟ್ಟಿತು ಅಂತ ನಾನು ಕುರ್ಚಿಯ ತುದಿಗೆ ಸರಿದು ಕೂತೆ. ಯುದ್ಧ ಒಂದು ಸಾಲಿನಲ್ಲಿ ಮುಗಿಯಿತು. ಮುಂದಿನ ಪ್ಯಾರಾ, ಯುದ್ಧದ ಗಲಾಟೆಯಲ್ಲಿ ಕಳೆದುಹೋದ ಅಡುಗೆಪಾತ್ರೆಗಳ ಬಗ್ಗೆ.

ಅವರ ಜೀವನವೂ ಅವರ ಪುಸ್ತಕಗಳ ಹಾಗೆಯೇ. ಹುಟ್ಟಿದ್ದು ಸಮುದ್ರದ ವಾಸನೆಯೂ ಬಾರದ ಒಳನಾಡಿನ ಊರಲ್ಲಿ. ತಂದೆ ಕುರಿಯ ಉಣ್ಣೆ ಕತ್ತರಿಸುವ ಕೆಲಸದವರು, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು ಇವರೇ. ನೌಕಾಪಡೆ ಸೇರಲು ಹೋದರು. ಬಂದರಿನ ದೋಣಿಯಲ್ಲೇ ವಾಂತಿ ಮಾಡಿಕೊಂಡರು. ಆಮೇಲೆ ಅದೇ ನೌಕಾಪಡೆಯ ಸಾಮಾನು ಸರಬರಾಜಿನ ಆಫೀಸಿನಲ್ಲಿ ಕಾರಕೂನರಾಗಿ, ಸಂಜೆ ಕ್ಲಾಸಿನಲ್ಲಿ ಇತಿಹಾಸ ಓದಿ, ಹಳೆಯ ಸರಬರಾಜಿನ ಕಾಗದಗಳ ಮೇಲೇ ಪುಸ್ತಕ ಬರೆದರು. ವಿಶ್ವವಿದ್ಯಾಲಯದವರು ಕರೆದು ಕುರ್ಚಿ ಕೊಡುವ ಹೊತ್ತಿಗೆ ತಲೆ ಬೆಳ್ಳಗಾಗಿತ್ತು. ಅವರ ವಿಷಯದ ದೊಡ್ಡವರು ಅವರನ್ನು ಬೆನ್ನ ಹಿಂದೆ ‘ಕಿರಾಣಿ ಅಂಗಡಿಯವನು’ ಅನ್ನುತ್ತಿದ್ದರಂತೆ. ಮುಂದಿನ ಪುಸ್ತಕದ ಮುನ್ನುಡಿಯಲ್ಲಿ ಅಜ್ಜಾರು ಅದನ್ನು ತಾವೇ ಬರೆದುಕೊಂಡು, ಇದು ತಮಗೆ ಸಿಕ್ಕ ಅತಿ ದೊಡ್ಡ ಪದವಿ ಅಂದರು.

ನನಗೆ ಅವರ ನೀರಿನ ಪುಸ್ತಕ ಮಾತ್ರ ಬೇರೆಯೇ ಥರ ತಾಕಿತು. ನಮ್ಮ ಗದಗ-ಬೆಟಗೇರಿಯಲ್ಲಿ ನಲ್ಲಿಗೆ ನೀರು ಬರುವುದು ಅಂದರೆ ನೆಂಟರು ಬಂದ ಹಾಗೆ, ಬಂದಾಗ ಬಂದರು. ಹಂಡೆ, ಕೊಡ, ಬಕೆಟ್ಟು, ಪಾತ್ರೆ, ಮದುವೆಮನೆಯಿಂದ ತಂದು ವಾಪಸು ಕೊಡದ ಕೊಳಗ, ಎಲ್ಲ ತುಂಬಿಟ್ಟರೆ ನಡೆಯಲಿಕ್ಕೆ ಜಾಗವಿರುತ್ತಿರಲಿಲ್ಲ. ಮನೆಯೇ ಹಡಗು. ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಅಂಡಿಗೆ ಹೊರುತ್ತಿದ್ದ ನಮ್ಮಪ್ಪ ಕ್ಯಾಪ್ಟನ್. ಮುಖ ತೊಳೆಯಲು ಒಂದು ತಂಬಿಗೆ, ಅದೇ ನೀರು ತೆಂಗಿನ ಗಿಡಕ್ಕೆ ಬೀಳುವ ಹಾಗೆ ನಿಂತು ತೊಳೆಯಬೇಕು. ಎರಡನೆಯ ತಂಬಿಗೆಗೆ ಕೈ ಹಾಕಿದರೆ ಬಂಡಾಯ. ಅಜ್ಜಾರು ಪೀಪಾಯಿಗಳನ್ನು ಜೋಡಿಸುವ ಬಗೆ ವಿವರಿಸಿದ ಅಧ್ಯಾಯ ಓದುವಾಗ, ಇವರು ನಮ್ಮ ಪಡಸಾಲೆ ಯಾವಾಗ ನೋಡಿದರು ಅನ್ನಿಸಿತ್ತು. ಸಮುದ್ರವನ್ನು ನಾನು ಮೊದಲು ನೋಡಿದ್ದು ಕಾಲೇಜಿನ ಪ್ರವಾಸದಲ್ಲಿ, ಕಾರವಾರದಲ್ಲಿ. ಎಲ್ಲರೂ ಅಲೆ ನೋಡಿ ಕುಣಿದರು. ನಾನು ಮಾತ್ರ ಇಷ್ಟು ನೀರನ್ನು ಮುಚ್ಚದೆ ಬಿಟ್ಟಿದ್ದಾರಲ್ಲ ಅಂತ ನಿಂತಿದ್ದೆ.

ಆ ಕಾಲೇಜಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಾನು ಬಿ.ಎ. ಇತಿಹಾಸ. ನಮ್ಮ ಮನೆತನದಲ್ಲಿ ಸಹಿ ಹಾಕುವುದಕ್ಕಿಂತ ಮುಂದೆ ಹೋದವನು ನಾನೇ ಮೊದಲು. ಹಗಲು ಎಣ್ಣೆ ಅಂಗಡಿಯಲ್ಲಿ ತೂಕ ಹಾಕಿ, ಕೈಯ ಶೇಂಗಾ ಎಣ್ಣೆ ಪಠ್ಯಪುಸ್ತಕಕ್ಕೆ ಹತ್ತಿ, ಚಾಲುಕ್ಯರ ಕಾಲದ ಪುಟಗಳೆಲ್ಲ ಪಾರದರ್ಶಕವಾಗಿದ್ದವು. ಒಂದು ಕಡೆಯಿಂದ ಪುಲಕೇಶಿಯನ್ನು ಓದಿದರೆ ಹಿಂದಿನಿಂದ ಹರ್ಷವರ್ಧನ ಕಾಣುತ್ತಿದ್ದ. ಪಾಸಾದ ದಿನ ಅಪ್ಪ ಕೇಳಿದ, “ಬಿ.ಎ. ಆದ್ರ ಏನ್ ಬರ್ತೈತೋ?”

“ರಾಜರ ಹೆಸರು ಬರ್ತಾವಪ್ಪ.”

“ಎಲ್ಲಾರವೂ?”

“ಬಹಳಷ್ಟು.”

ಅಪ್ಪ, “ಬೇಸ್ ಆತು ಬಿಡು, ನಮಗ ಒಬ್ಬಂದೂ ಗೊತ್ತಿಲ್ಲ,” ಅಂದ. ಆ ಪದವಿಪತ್ರವನ್ನು ಚೌಕಟ್ಟು ಹಾಕಿಸಿ ಟೆಕ್ಸಾಸಿಗೆ ತಂದು ಹಾಲಿನಲ್ಲಿ ನೇತುಹಾಕಿದ್ದೇನೆ. ಸುನಂದಾಳ ಎರಡೆರಡು ಎಂಜಿನಿಯರಿಂಗ್ ಪದವಿಗಳು ಸೂಟ್‌ಕೇಸಿನಲ್ಲಿವೆ. ಬಂದವರು ನನ್ನದನ್ನು ನೋಡಿ, “ಓ, ಹಿಸ್ಟರಿ! ಆಮೇಲೆ ಏನ್ ಮಾಡಿದ್ರಿ?” ಅನ್ನುತ್ತಾರೆ, ಜ್ವರ ಬಂದಿತ್ತು ಅಂದವನನ್ನು ಆಮೇಲೆ ಹೇಗಾಯಿತು ಅಂತ ಕೇಳಿದ ಹಾಗೆ. ಆಮೇಲೆ ನಾನು, ಇಲ್ಲಿ ಕೆಲಸ ಮಾಡುವ ಪರವಾನಗಿ ಸಿಕ್ಕಿದ್ದೇ, ಒಂದು ಕಿರಾಣಿ ಸಗಟು ಕಂಪನಿಯ ಗೋದಾಮು ಸೇರಿದೆ. ಈಗ ಅಲ್ಲಿ ಮ್ಯಾನೇಜರು. ಯಾವ ಅಂಗಡಿಗೆ ಎಷ್ಟು ಅಕ್ಕಿ, ಎಷ್ಟು ಎಣ್ಣೆ ಅನ್ನುವುದೇ ನನ್ನ ಕೆಲಸ.

ಹಾಗಾಗಿ ಅಜ್ಜಾರಿಗೆ ನಾನು ಬರೆದ ಮೊದಲ ಮೇಲ್ ಗೋದಾಮಿನವನು ಗೋದಾಮಿನವನಿಗೆ ಬರೆದದ್ದು. ಅವರ ಹಡಗಿನ ಇಲಿಗಳ ಬಗ್ಗೆ ಕೇಳಿದ್ದೆ. ಅವರು ನನ್ನ ಇಲಿಗಳ ಬಗ್ಗೆ ಕೇಳಿದರು. ಹೀಗೆ ಶುರುವಾದದ್ದು ಹಲವು ವರ್ಷ ನಡೆಯಿತು. ಒಂದು ದಿನ ಬರೆದರು: ಟೆಕ್ಸಾಸಿಗೆ ಬರುತ್ತಿದ್ದೇನೆ, ಹ್ಯೂಸ್ಟನ್ ಕಡೆ ಒಂದು ಹಳೆಯ ಯುದ್ಧನೌಕೆ ನೋಡಿಕೊಂಡು, ಆಸ್ಟಿನ್‌ನಲ್ಲಿ ಒಂದು ವಿಚಾರಗೋಷ್ಠಿ ಮುಗಿಸಿ, ಶುಕ್ರವಾರದ ನಂತರ ಖಾಲಿ.

ಶನಿವಾರ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ. ಅಧ್ಯಕ್ಷ ದೇಸಾಯಿಯವರ ಮನೆಗೆ ಓಡಿದೆ. ದೇಸಾಯಿ ವಿಜಯಪುರದವರು, ಚಿಪ್ ಡಿಸೈನಿನಲ್ಲಿ ಹೆಸರು ಮಾಡಿದವರು, ಸಂಘಕ್ಕೆ ಮೈಮುರಿದು ದುಡಿಯುವವರು, ಇತಿಹಾಸದ ಬಗ್ಗೆ ಅವರಿಗಿರುವ ಒಂದೇ ಅಭಿಪ್ರಾಯ ಅದು ಆಗಿಹೋಗಿದೆ ಅನ್ನುವುದು.

“ಇತಿಹಾಸಾ? ಊಟಕ್ಕ ಮೊದಲ? ಜನರ ಮ್ಯಾಲೆ ಏನರ ಸಿಟ್ಟದ ಏನ್ರಿ ನಿಮಗ?”

“ದೊಡ್ಡ ಮನುಷ್ಯಾರು ರೀ. ನೌಕಾಪಡೆ ಇತಿಹಾಸ.”

“ಹಂಗಾರ ಯುದ್ಧದ ಕಥಿ ಹೇಳ್ತಾರೇನು?”

“ಇಲ್ರಿ. ಹಡಗಿನ್ಯಾಗ ಏನು ತಿಂತಿದ್ರು, ನೀರು ಹೆಂಗ ಇಟ್ಗೋತಿದ್ರು...”

“ಅದಕ್ಕ ಆಸ್ಟ್ರೇಲಿಯಾದಾವ್ರು ಯಾಕ್ರಿ? ನಮ್ಮ ಊಟದ ಕಮಿಟಿಗೇ ಮೈಕ್ ಕೊಡೋಣಲ್ಲ!”

ನಾನು ಎದ್ದು ಹೋಗಲಿಲ್ಲ. ಎರಡು ಸಲ ಚಹಾ ಆಯಿತು. ಕೊನೆಗೆ ದೇಸಾಯಿ ಸೋತು ಷರತ್ತು ಹಾಕಿದರು. “ನೋಡ್ರಿ, ಒಂದು ತಾಸು ಕೊಡ್ತೀನಿ. ನಡುವ ಜನ ಎದ್ದು ಊಟಕ್ಕ ಹೋದ್ರಂದ್ರ, ಮುಂದಿನ ವರ್ಷದಿಂದ ಉಪನ್ಯಾಸ ಬಂದ್. ಆ ತಾಸು ಅಂತ್ಯಾಕ್ಷರಿಗೆ.”

“ಯಾರೂ ಏಳಂಗಿಲ್ರಿ,” ಅಂದುಬಿಟ್ಟೆ.

ಅಂದದ್ದೇನೋ ಅಂದೆ. ಮನೆಗೆ ಬರುವ ದಾರಿಯಲ್ಲಿ ನಮ್ಮ ತಿರುವು ದಾಟಿ ಮುಂದೆ ಹೋಗಿಬಿಟ್ಟೆ. ಆ ಸಭಾಂಗಣದಲ್ಲಿ ಕೂರುವವರೆಲ್ಲ ಎಂಜಿನಿಯರು, ಡಾಕ್ಟರು, ಬಿಸಿನೆಸ್ಸಿನವರು. ಇಷ್ಟು ವರ್ಷ ಅವರ ನಡುವೆ ನನ್ನ ಬಿ.ಎ. ಒಂದು ಜೋಕು. ಒಳ್ಳೆಯ ಮನಸ್ಸಿನ ಜೋಕೇ, ಆದರೂ ಜೋಕು. ಒಂದೇ ಒಂದು ತಾಸು ಅವರೆಲ್ಲ ಕೂತು ನಾನು ಓದಿದ ವಿಷಯವನ್ನು ಕೇಳಬೇಕು ಅನ್ನುವುದು ನನ್ನ ಆಸೆ. ಎಣ್ಣೆ ಕೈಯಲ್ಲಿ ಓದಿದ್ದು ಬರೀ ರಾಜರ ಹೆಸರಲ್ಲ ಅಂತ ನನಗೇ ಒಮ್ಮೆ ಖಾತ್ರಿ ಆಗಬೇಕಿತ್ತೋ ಏನೋ.

ಆಸ್ಟಿನ್‌ಗೆ ನಾನೇ ಡ್ರೈವ್ ಮಾಡಿಕೊಂಡು ಹೋಗಿ ಕರೆತಂದೆ. ಸಣ್ಣ ಆಳು, ದೊಡ್ಡ ಕಿವಿ, ಬಿಸಿಲಿಗೆ ಸುಟ್ಟ ಮೂಗು. ಕಾರು ಹತ್ತಿದವರೇ ಹಿಂದಿನ ಸೀಟು ಪರೀಕ್ಷಿಸಿದರು. ಸುನಂದಾ ಕಟ್ಟಿಕೊಟ್ಟ ಅವಲಕ್ಕಿ, ಚಪಾತಿ, ನೀರಿನ ಬಾಟಲಿಗಳ ಕಟ್ಟು, ಮೇಲೊಂದು ಥರ್ಮಾಸ್.

“ಪ್ಲೇನೋ ಎಷ್ಟು ವಾರದ ಪ್ರಯಾಣ?” ಅಂತ ಗಂಭೀರವಾಗಿ ಕೇಳಿದರು.

ಹ್ಯೂಸ್ಟನ್‌ನ ಯುದ್ಧನೌಕೆ ಹೇಗಿತ್ತು ಅಂದೆ. ರಿಪೇರಿಗೆಂದು ನೀರಿನಿಂದ ಎತ್ತಿ ನಿಲ್ಲಿಸಿದ್ದರಂತೆ. ಅಲುಗಾಡದ ಹಡಗಿನ ಮೇಲೂ ಅಜ್ಜಾರಿಗೆ ಹೊಟ್ಟೆ ತೊಳಸಿತಂತೆ. “ಅಭ್ಯಾಸಬಲ,” ಅಂದರು. ನಡುದಾರಿಯ ವೇಕೊ ದಾಟಿದ ಮೇಲೆ ಟ್ರಾಫಿಕ್ಕು ಕಟ್ಟಿ ನಿಂತಾಗ ಕಿಟಕಿ ಇಳಿಸಿ ಖುಷಿಯಿಂದ ನೋಡಿದರು. ನೌಕಾಪಡೆಯ ಬದುಕಿನ ಬಹುಪಾಲು ಇದೇ, ಸಾಲಾಗಿ ನಿಂತು ಕಾಯುವುದು, ಇದರ ಬಗ್ಗೆ ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತಿದ್ದೇನೆ ಅಂದರು. ಮೂರು ತಾಸಿನ ದಾರಿ ಐದು ತಾಸು ಹಿಡಿಯಿತು. ಕನ್ನಡ ಅಂದರೆ ಏನು, ರಾಜ್ಯೋತ್ಸವ ಅಂದರೆ ಏನು, ದೇಸಾಯಿ ಅಂದರೆ ಎಂಥವರು, ಎಲ್ಲ ಹೇಳಿದೆ. ಹೇಳದೆ ಬಿಟ್ಟದ್ದು ಒಂದೇ. ಅದು ಹೇಳಬೇಕಾದ ಸಂಗತಿ ಅಂತಲೇ ನನಗೆ ಹೊಳೆಯಲಿಲ್ಲ.

ಮರುದಿನ ಪ್ಲೇನೋದ ಶಾಲೆಯೊಂದರ ಸಭಾಂಗಣ. ಪ್ರಾರ್ಥನೆ, ದೀಪ, ನಾಡಗೀತೆ, ಸ್ವಾಗತ, ದೇಸಾಯಿಯವರ ಅಧ್ಯಕ್ಷ ಭಾಷಣ. ಅತಿಥಿ ಪರಿಚಯ ನನ್ನದು. ಮಗಳು ನಿಧಿ ಮನೆಯಲ್ಲಿ ಫೋನು ಹಿಡಿದು ಸಮಯ ನೋಡಿ, “ಅಪ್ಪಾ, ಯು ಸೌಂಡ್ ಲೈಕ್ ಅ ವೆಡ್ಡಿಂಗ್ ಇನ್ವಿಟೇಶನ್,” ಅಂತ ಹೇಳಿಯೇ ಕಳಿಸಿದ್ದಳು. ಆದರೂ ಚೆನ್ನಾಗಿ ಹೋಯಿತು. ಕುರಿಯ ಉಣ್ಣೆ, ದೋಣಿಯ ವಾಂತಿ, ಕಿರಾಣಿ ಅಂಗಡಿ, ಎಲ್ಲದಕ್ಕೂ ಜನ ನಕ್ಕರು. ಒಳ್ಳೆಯ ಲಕ್ಷಣ ಅಂದುಕೊಂಡೆ. ಆಮೇಲೆ ಸನ್ಮಾನ. ಪೇಟ ಇಟ್ಟೆವು, ಶಾಲು ಹೊದಿಸಿದೆವು, ಹಾರ ಹಾಕಿದೆವು, ಹಣ್ಣಿನ ಬುಟ್ಟಿ ಕೊಟ್ಟೆವು. ಒಂದು ಫೋಟೋ ಕುಳ್ಳಿರಿಸಿ, ಒಂದು ನಿಲ್ಲಿಸಿ, ಒಂದು ಕಮಿಟಿಯ ಜೊತೆ, ಒಂದು ಕಮಿಟಿಯವರ ಹೆಂಡಂದಿರ ಜೊತೆ.

ಈಗ ಹೇಳುತ್ತೇನೆ ಬಿಟ್ಟುಹೋದ ಸಂಗತಿ. ನಮ್ಮಲ್ಲಿ ಸನ್ಮಾನ ಮೊದಲು, ಮಾತು ಆಮೇಲೆ. ಅಜ್ಜಾರ ಲೋಕದಲ್ಲಿ ಮಾತು ಮುಗಿದ ಮೇಲೆ ಉಡುಗೊರೆ, ಕೈಕುಲುಕು, ಮನೆಗೆ. ಇಷ್ಟೊಂದು ಗೌರವ ಒಟ್ಟಿಗೆ ಬಂದು ತಲೆ ಮೇಲೆ ಕೂತಾಗ ಅವರು ಸಹಜವಾಗಿ ಕಾರ್ಯಕ್ರಮ ಮುಗಿಯಿತು ಅಂದುಕೊಂಡರು. ಮಾತಾಡುವ ಮೊದಲೇ ಮಾತು ಮುಗಿಸಿದ್ದಕ್ಕೆ ಇಷ್ಟು ದೊಡ್ಡ ಬಹುಮಾನ ಕೊಡುವ ಜನ ತುಂಬಾ ವಿವೇಕಿಗಳು ಅಂತಲೂ ಅಂದುಕೊಂಡರಂತೆ. ಮೈಕಿಗೆ ಬಾಗಿ ನಾನು ಕಲಿಸಿದ್ದ ‘ನಮಸ್ಕಾರ’ ಹೇಳಿದರು. ಪೇಟದೊಂದಿಗೆ, ಹಾರದೊಂದಿಗೆ, ಬುಟ್ಟಿ ಎದೆಗವಚಿ ಮೆಟ್ಟಿಲಿಳಿದು, ಒಗ್ಗರಣೆಯ ವಾಸನೆ ಹಿಡಿದು ಊಟದ ಹಾಲಿನ ಕಡೆ ನಡೆದೇಬಿಟ್ಟರು.

“ಅಪ್ಪಾ, ಹೀ ಈಸ್ ಲೀವಿಂಗ್!” ಅಂದಳು ನಿಧಿ. ಬಾತ್‌ರೂಮಿಗೆ ಇರಬೇಕು ಅಂತ ನಾನು ಸಮಾಧಾನ ಮಾಡಿದೆ.

ಮುಖ್ಯ ಅತಿಥಿಗಳು ಊಟಕ್ಕೆ ಎದ್ದ ಮೇಲೆ ಕೂತಿರುವುದು ನಮ್ಮವರ ಸಂಸ್ಕೃತಿಯಲ್ಲಿಲ್ಲ. ಮುಂದಿನ ಸಾಲು ಎದ್ದಿತು. ಅದನ್ನು ನೋಡಿ ಹಿಂದಿನದು. ದೇಸಾಯಿ ಮೈಕ್ ಹಿಡಿದು, “ಕೂಡ್ರಿ, ಕೂಡ್ರಿ, ಉಪನ್ಯಾಸ ಬಾಕಿ ಅದ! ವಂದನಾರ್ಪಣೆನೂ ಆಗಿಲ್ಲ!” ಅಂತ ಖಾಲಿ ಕುರ್ಚಿಗಳಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಗೆದ್ದ ಖುಷಿಗಿಂತ ಕರುಣೆ ಜಾಸ್ತಿ ಇತ್ತು, ಅದೇ ಹೆಚ್ಚು ಚುಚ್ಚಿತು.

“ಹೇಳಿದ್ನಿಲ್ಲೋ? ಎದ್ರು ನೋಡ್ರಿ.”

“ಮೊದಲ ಎದ್ದಾವ್ರು ಅವರ ಅದಾರಲ್ರಿ!”

“ಯಾರರ ಏಳ್ಲಿ. ಎದ್ದದ್ದು ಎದ್ದಂಗ. ಅಂತ್ಯಾಕ್ಷರಿ.”

ಊಟದ ಹಾಲಿಗೆ ನಾನು ಹೋಗಿ ಮುಟ್ಟುವಷ್ಟರಲ್ಲಿ ಅಲ್ಲಿ ಇನ್ನೊಂದು ಅನಾಹುತ ನಡೆದಿತ್ತು. ಅಜ್ಜಾರ ತಟ್ಟೆಯಲ್ಲಿ ಖಡಕ್ ರೊಟ್ಟಿ, ಅಂದರೆ ಒಣಗಿಸಿದ, ತಿಂಗಳುಗಟ್ಟಲೆ ಕೆಡದ ನಮ್ಮ ಜೋಳದ ರೊಟ್ಟಿ. ಮೆಕಿನ್ನಿಯ ಶಾಂತಾ ಆಂಟಿ ಬಡಿದದ್ದು. ಅಲೆನ್, ಪ್ಲೇನೋ, ಮೆಕಿನ್ನಿ ಮೂರೂ ಕಡೆಯ ಉತ್ತರ ಕರ್ನಾಟಕದ ಮನೆಗಳಿಗೆ ಆಂಟಿಯದೇ ರೊಟ್ಟಿ. ಅದರಲ್ಲಿ ಇಂದಿಗೂ ಒಬ್ಬರೂ ತಪ್ಪು ಹುಡುಕಿದ್ದಿಲ್ಲ. ಅಜ್ಜಾರು ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಟೇಬಲ್ಲಿನ ಅಂಚಿಗೆ ಟಕ್ ಟಕ್ ಅಂತ ಬಡಿದರು. ಬಾಗಿ, ಏನಾದರೂ ಬಿತ್ತೇ ಅಂತ ಟೇಬಲ್ಲು ನೋಡಿದರು.

ಶಾಂತಾ ಆಂಟಿ ಸೌಟು ಹಿಡಿದುಕೊಂಡೇ ಈಚೆ ಬಂದರು. “ಏನ್ರಿ ಇದು? ನನ್ನ ರೊಟ್ಟ್ಯಾಗ ಏನ್ ಹುಡಕಾಕತ್ಯಾರ ಈ ಮುತ್ಯಾ? ಕೇಳ್ರಿ ಅವರಿಗೆ!”

ಕೇಳಿದೆ. ಅಜ್ಜಾರು ಪೇಟ ಸರಿಮಾಡಿಕೊಂಡು ಸರಳವಾಗಿ, “ಹುಳ,” ಅಂದರು.

ನಾನು ಅನುವಾದಿಸಲಿಲ್ಲ. ಬೇಕಾಗಿರಲಿಲ್ಲ. ಇಪ್ಪತ್ತು ವರ್ಷ ಟೆಕ್ಸಾಸಿನಲ್ಲಿರುವ ಆಂಟಿಗೆ ಅಷ್ಟು ಇಂಗ್ಲಿಷು ಗೊತ್ತು. ಸೌಟು ಮೇಲೇರಿತು. ಅಜ್ಜಾರು ಹಿಂದೆ ಸರಿಯಲಿಲ್ಲ, ಕಣ್ಣು ಅರಳಿಸಿ ಹೇಳಲು ಶುರುಮಾಡಿದರು. ಹಡಗಿನ ಬಿಸ್ಕತ್ತು ಹತ್ತಿದ ದಿನದಿಂದಲೇ ಹುಳದ ಮನೆ. ತಿನ್ನುವ ಮೊದಲು ನಾವಿಕ ಅದನ್ನು ಟೇಬಲ್ಲಿಗೆ ಬಡಿಯಬೇಕು, ಹುಳ ಉದುರಬೇಕು. ಹಳಬರು ಕತ್ತಲಲ್ಲೇ ತಿನ್ನುತ್ತಿದ್ದರು, ನೋಡದಿದ್ದರೆ ಒಳ್ಳೆಯದು ಅಂತ. ಜೀವಮಾನವಿಡೀ ಇದನ್ನೇ ಬರೆದು ಕೈಗೆ ರೂಢಿಯಾಗಿದೆ, ತಾಯೀ, ಕ್ಷಮಿಸಿ. ಆದರೆ ಇದು ಬಿಸ್ಕತ್ತಿಗಿಂತ ತೆಳು, ಬಿಸ್ಕತ್ತಿಗಿಂತ ಗರಿಗರಿ, ಒಂದೂ ಹುಳವಿಲ್ಲ. ಇದು ನಮ್ಮ ಹಡಗುಗಳಲ್ಲಿ ಇದ್ದಿದ್ದರೆ ನಾನು ಆ ಪುಸ್ತಕ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಸೌಟು ಇಳಿಯಿತು. “ಎಣ್ಣಿ ಹಚ್ಚಬಾರದು ಅನ್ರಿ ಅವರಿಗೆ. ಎಣ್ಣಿ ಹಚ್ಚಿದ್ರ ಕಮಟ ಹಿಡೀತದ. ಎಳ್ಳು ಬೇಕಾರ ಹಚ್ಚಬಹುದು.” ಅಜ್ಜಾರು ಮತ್ತೆ ಕೇಳಿದರು. ಆಂಟಿ ಮತ್ತೆ ಹೇಳಿದರು. ಬಡಿಸುವ ಹೆಂಗಸರು ಬಡಿಸುವುದು ಬಿಟ್ಟು ಹತ್ತಿರ ಬಂದರು. ಬಡಿಸುವುದು ನಿಂತಿದ್ದರಿಂದ ಸಾಲು ನಿಂತಿತು. ನಿಂತ ಸಾಲು ಬಾಗಿ ದುಂಡಗಾಯಿತು. ಯಾರೋ ಹುಡುಗರು ರೊಟ್ಟಿಯನ್ನು ಟೇಬಲ್ಲಿಗೆ ಟಕ್ ಅನಿಸಿದರು, ನಗು ಎದ್ದಿತು, ನಗುವಿನ ನಡುವೆ ಅಜ್ಜಾರ ದನಿ ಸಣ್ಣಗೆ, ನಿಲ್ಲದೆ. ಬಿಸ್ಕತ್ತಿನಿಂದ ಪೀಪಾಯಿಗೆ ಹೋದರು. ಹಸಿರುಗಟ್ಟಿದ ನೀರು. ಮೂಗು ಮುಚ್ಚಿ ಕುಡಿಯುವ ನಾವಿಕರು. ಗಾಳಿ ಬೀಳದೆ ನಡುಸಮುದ್ರದಲ್ಲಿ ವಾರಗಟ್ಟಲೆ ನಿಂತ ಒಂದು ಹಡಗು. ಒಂದೊಂದೇ ಪೀಪಾಯಿ ಮುಗಿಯುತ್ತ ಬಂದು, ಕೊನೆಯದೊಂದೇ ಉಳಿದು, ಕ್ಯಾಪ್ಟನ್ ಎಲ್ಲರನ್ನೂ ಕರೆದು ನಿಲ್ಲಿಸಿ, ಎಲ್ಲರ ಎದುರು ಅದರ ಬಾಯಿ ಬಿಚ್ಚಿಸಿದ...

ಅಲ್ಲಿಗೆ ಅಜ್ಜಾರು ರೊಟ್ಟಿ ಮುರಿದು ಬಾಯಿಗಿಟ್ಟರು. ಪಾಪ, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ನನ್ನ ಹೆಗಲು ಹಿಡಿದು ಯಾರೋ ಪಕ್ಕಕ್ಕೆ ಸರಿಸಿದರು. ದೇಸಾಯಿ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಆರಿದ ಅನ್ನ, ಇನ್ನೊಂದು ಕೈಯಲ್ಲಿ ಇನ್ನೂ ಮೈಕು. ಯಾವಾಗ ಬಂದಿದ್ದರೋ.

“ಏನಿತ್ತು ಅದರಾಗ?” ಆತುರಕ್ಕೆ ಕನ್ನಡದಲ್ಲೇ ಅಜ್ಜಾರನ್ನು ಕೇಳಿದರು. ಅಜ್ಜಾರು ತುಂಬಿದ ಬಾಯಿ ತೋರಿಸಿ ಕೈ ಅಲ್ಲಾಡಿಸಿದರು. ದೇಸಾಯಿ ನನ್ನ ಕಡೆ ತಿರುಗಿ, “ನೀವು ಪುಸ್ತಕಾ ಓದೀರಲ್ಲ, ನಿಮಗ ಗೊತ್ತದ. ಹೇಳ್ರಿ ಲಗೂನ,” ಅಂದರು.

ಗೊತ್ತಿತ್ತು. ಪುಟಸಂಖ್ಯೆಯ ಸಮೇತ ಗೊತ್ತಿತ್ತು.

“ಅವರ ಹೇಳ್ತಾರ್ರಿ,” ಅಂದೆ. “ಕೂಡ್ರಿ.”

ದೇಸಾಯಿ ತಟ್ಟೆ ಕೆಳಗಿಟ್ಟರು. ಅಜ್ಜಾರಿಗೊಂದು ಕುರ್ಚಿ ಎಳೆದು ಹಾಕಿ, ತಾವು ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅವರ ಹಿಂದೆ ಎಂಜಿನಿಯರುಗಳು, ಡಾಕ್ಟರುಗಳು, ರೊಟ್ಟಿ ಕೈಯಲ್ಲೇ ಹಿಡಿದ ಹುಡುಗರು, ಸೌಟಿನೊಂದಿಗೆ ಶಾಂತಾ ಆಂಟಿ. ನಡುವೆ ಪೇಟ ತೊಟ್ಟ ಮುದುಕರೊಬ್ಬರು ಅಗಿಯುವ ಕಟುಂ ಕುಟುಂ ಸದ್ದು.

ಖಡಕ್ ರೊಟ್ಟಿ, ಎಪ್ಪತ್ತು ದಾಟಿದ ಹಲ್ಲು. ಬಹಳ ಹೊತ್ತು ಹಿಡಿಯಿತು. ಒಬ್ಬರೂ ಏಳಲಿಲ್ಲ.